ಒಂದು ಪೈಸೆಯ ಹೋರಾಟ: ರೈತ ನಾಯಕ ನಾರಾಯಣಸ್ವಾಮಿ ನಾಯ್ಡು

ಮದುವೆಯಾಗಿ ಚೆನ್ನೈಗೆ ಬಂದು ನಲವತ್ತು ವರ್ಷ ದಾಟಿದರೂ ನನ್ನ ತವರು ತಾಳವಾಡಿಯ ನೆನಪು ಮಾಸಿಲ್ಲ. ಈಗ ಈರೋಡ್ ಜಿಲ್ಲೆಗೆ ಸೇರಿದ, ಆಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಈ ಗಡಿಯೂರಿನಲ್ಲಿ ನಮ್ಮೆಲ್ಲರ ಮನೆಮಾತು ಕನ್ನಡ. ಬಾವಿಯ ಮೋಟಾರಿನ ಕರೆಂಟ್ ಬಿಲ್ ಬಂದ ದಿನ ಅವ್ವನ ಮುಖ ಬಾಡುತ್ತಿತ್ತು. ಬಿಲ್ ಕಟ್ಟಲೆಂದು ಅವಳ ಬಳೆಗಳು ಎರಡು ಸಲ ಅಡವಿಗೆ ಹೋಗಿದ್ದವು. ಆಗ ಅಪ್ಪನ ಬಾಯಲ್ಲಿ ಪದೇ ಪದೇ ಕೇಳುತ್ತಿದ್ದ ಹೆಸರು ನಾರಾಯಣಸ್ವಾಮಿ ನಾಯ್ಡು.

ಕೊಯಮತ್ತೂರು ಬಳಿಯ ವೈಯಂಪಾಳಯಂನ ರೈತರು ಅವರು. ಹುಟ್ಟಿದ್ದು 1925ರಲ್ಲಿ. ಆ ಸೀಮೆಯಲ್ಲಿ ಮಳೆ ಕಡಿಮೆ, ಬಾವಿಗಳು ಆಳ, ಕರೆಂಟಿಲ್ಲದೆ ಬೆಳೆಯಿಲ್ಲ. 1970ರಲ್ಲಿ ಸರ್ಕಾರ ಪಂಪ್‌ಸೆಟ್ಟಿನ ದರವನ್ನು ಯೂನಿಟ್ಟಿಗೆ 8 ಪೈಸೆಯಿಂದ 10 ಪೈಸೆಗೆ ಏರಿಸಿತು. ನಾಯ್ಡು ರೈತರನ್ನು ಬೀದಿಗಿಳಿಸಿದರು. ಪೆರುಮಾನಲ್ಲೂರಿನಲ್ಲಿ ಪೊಲೀಸರ ಗುಂಡಿಗೆ ಮೂವರು ರೈತರು ಬಲಿಯಾದರು. ಕೊನೆಗೆ ಸರ್ಕಾರ ಇಳಿಸಿದ್ದು ಒಂದೇ ಒಂದು ಪೈಸೆ!

1972ರಲ್ಲಿ ಮತ್ತೆ ಹೋರಾಟ ಭುಗಿಲೆದ್ದಿತು. ಈ ಸಲ ಸಾವಿರಾರು ಎತ್ತಿನ ಗಾಡಿಗಳು ಕೊಯಮತ್ತೂರಿನ ರಸ್ತೆಗಳನ್ನು ತುಂಬಿ ನಿಂತವು. ಜುಲೈ 5ರಂದು ಗುಂಡೇಟಿಗೆ ಹಲವು ರೈತರು ಪ್ರಾಣ ಕಳೆದುಕೊಂಡರು. ತಮಿಳುನಾಡಿನ ರೈತ ಸಂಘಗಳು ಇಂದಿಗೂ ಆ ದಿನವನ್ನು ಅವರ ನೆನಪಿಗೆ ಮೀಸಲಿಟ್ಟಿವೆ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ಹರಿದದ್ದೂ ಇಂಥದ್ದೇ ರಕ್ತ. ಅಲ್ಲಿ ಕಾರಣ ಮಲಪ್ರಭೆಯ ನೀರಾವರಿ ಕರ.

ಬೇಡಿಕೊಂಡು ಸಾಕಾಗಿ 1982ರಲ್ಲಿ ನಾಯ್ಡು ತಮ್ಮದೇ ಪಕ್ಷ ಕಟ್ಟಿದರು. ಆದರೆ ಅವರ ಸಭೆಗೆ ಕಿಕ್ಕಿರಿದು ಬಂದ ರೈತರೇ ಮತಗಟ್ಟೆಯಲ್ಲಿ ತಮ್ಮ ಹಳೆಯ ಪಕ್ಷಗಳ ಕಡೆಗೆ ಹೋದರು. 1984ರ ಡಿಸೆಂಬರ್ 21ರಂದು, ಚುನಾವಣೆಯ ಹೊಸ್ತಿಲಲ್ಲಿ, ಅವರು ಕೋವಿಲ್‌ಪಟ್ಟಿಯಲ್ಲಿ ತೀರಿಕೊಂಡರು.

ಸೋತರೇ? ನನಗೆ ಹಾಗನ್ನಿಸುವುದಿಲ್ಲ. ಅಮೆರಿಕದಲ್ಲೂ ಹೀಗೇ ಆಗಿತ್ತು. ರೈಲು ಕಂಪನಿಗಳ ಬಾಡಿಗೆಗೂ ಸಾಲಕ್ಕೂ ಬೇಸತ್ತ ರೈತರು 1892ರಲ್ಲಿ ಪೀಪಲ್ಸ್ ಪಾರ್ಟಿ ಕಟ್ಟಿ ಅಧ್ಯಕ್ಷ ಚುನಾವಣೆಗೆ ನಿಂತು ಸೋತರು. ಆದರೂ ಅವರು ಕೇಳಿದ್ದ ಆದಾಯ ತೆರಿಗೆ, ಸೆನೆಟ್‌ಗೆ ನೇರ ಚುನಾವಣೆ ಮುಂದೆ ಕಾನೂನಾದವು. ಇಲ್ಲಿಯೂ ಅಷ್ಟೆ. ಮೊದಲು ಎಂ.ಜಿ.ಆರ್. ಸಣ್ಣ ರೈತರಿಗೆ, ಆಮೇಲೆ ಕರುಣಾನಿಧಿ ಎಲ್ಲ ರೈತರಿಗೂ ಉಚಿತ ವಿದ್ಯುತ್ ಕೊಟ್ಟರು. ಪಕ್ಷ ಗೆಲ್ಲಲಿಲ್ಲ, ಬೇಡಿಕೆ ಗೆದ್ದಿತು.

ಕಳೆದ ಸಂಕ್ರಾಂತಿಗೆ ತವರಿಗೆ ಹೋಗಿದ್ದೆ. ಮೋಟಾರಿಗೆ ಈಗ ಬಿಲ್ ಇಲ್ಲ. ಆದರೆ ಬಾವಿ ಬತ್ತಿದೆ, ತಮ್ಮ ಮೂರನೆಯ ಬೋರ್‌ವೆಲ್ ಕೊರೆಸುತ್ತಿದ್ದಾನೆ, ಅದಕ್ಕಾಗಿ ನಾದಿನಿಯ ಸರ ಅಡವಿಗೆ ಹೋಗಿದೆ. ಒಂದು ಪೈಸೆಗಾಗಿ ಪ್ರಾಣ ಕೊಟ್ಟವರನ್ನು ನೆನೆದು ಕೈಮುಗಿಯುತ್ತೇನೆ. ಜೊತೆಗೆ, ಅಂಥ ಒಂದೊಂದು ಪೈಸೆಯ ಲೆಕ್ಕ ಅಡುಗೆಮನೆಯಲ್ಲಿ ಕುಳಿತು ಹಾಕಿದ ನನ್ನ ಅವ್ವನಿಗೂ.