ತೋಪಿನಲ್ಲಿ ಒಂದು ರಾತ್ರಿ

ದಸರೆ ಬಂತೆಂದರೆ ನಮ್ಮ ಕಡೆ ಮನೆಗಳಲ್ಲಿ ಬೊಂಬೆ ಕೂರಿಸ್ತಾರೆ. ಪಟ್ಟದ ಬೊಂಬೆ, ಆನೆ, ಅಂಬಾರಿ, ಸಿಪಾಯಿಗಳ ಸಾಲು... ಒಂಬತ್ತು ದಿನ ಕೂತ ಬೊಂಬೆ ಕೂತಲ್ಲೇ ಕೂತಿರುತ್ತೆ. ಮುಟ್ಟಿದ ಮಕ್ಕಳಿಗೆ ಬೈಗುಳ ಗ್ಯಾರಂಟಿ. ಅಮೆರಿಕದಲ್ಲಿ ನಾನು ವರ್ಷಕ್ಕೊಮ್ಮೆ ಹೋಗುವ ಒಂದು ಜಾತ್ರೆಯಲ್ಲಿ ಇದು ಉಲ್ಟಾ. ಅಲ್ಲಿ ಬೊಂಬೆ ಇಡೋದೇ ಮುಟ್ಟೋದಕ್ಕೆ. ನಲವತ್ತು, ಐವತ್ತು, ಎಪ್ಪತ್ತು ವಯಸ್ಸಿನವರು ಮೇಜಿನ ಸುತ್ತ ನಿಂತು ಬೊಂಬೆ ಸೈನಿಕರನ್ನು ನಡೆಸ್ತಾರೆ, ದಾಳ ಉರುಳಿಸ್ತಾರೆ, ಟೇಪು ಹಿಡಿದು ಅಂಗುಲಕ್ಕೆ ಅಂಗುಲ ಜಗಳ ಆಡ್ತಾರೆ. ಆಟಕ್ಕೆ ಮಿನಿಯೇಚರ್ ವಾರ್‌ಗೇಮ್ ಅಂತ ಹೆಸರು, ಜಾತ್ರೆಗೆ ಕನ್ವೆನ್ಷನ್ ಅಂತ.

ನೋಡದವರಿಗಾಗಿ ಸ್ವಲ್ಪ ವಿವರ. ವಾರಾಂತ್ಯಕ್ಕೆ ಯಾವುದೋ ಹೋಟೆಲಿನ ಹಾಲ್ ಬಾಡಿಗೆಗೆ ಹಿಡಿದಿರುತ್ತಾರೆ. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜುಗಳು. ಒಂದೊಂದು ಮೇಜಿಗೂ ಒಬ್ಬ ಯಜಮಾನ. ಬೆಟ್ಟ, ಮರ, ಹೊಳೆ, 28 ಮಿಲಿಮೀಟರಿನ ನೂರಾರು ಸೈನಿಕರು, ನಿಯಮದ ಹಾಳೆ, ದಾಳ, ಎಲ್ಲವನ್ನೂ ಅವನೇ ಡಬ್ಬಗಳಲ್ಲಿ ತುಂಬಿ ತರಬೇಕು. ಬೊಂಬೆಗಳಿಗೆ ತಿಂಗಳುಗಟ್ಟಲೆ ಕೂತು ಬಣ್ಣ ಹಚ್ಚಿದವನೂ ಅವನೇ. ಆಡೋಕೆ ಬರುವವರು ಕೈಬೀಸಿಕೊಂಡು ಬರ್ತಾರೆ, ನಾಲ್ಕು ಗಂಟೆ ಆಡ್ತಾರೆ, ಥ್ಯಾಂಕ್ಸ್ ಹೇಳಿ ಹೋಗ್ತಾರೆ. ತಮಾಷೆ ಅಂದ್ರೆ ಇಷ್ಟೆಲ್ಲ ಮಾಡಿದ ಯಜಮಾನ ತಾನು ಮಾತ್ರ ಆಡೋದಿಲ್ಲ! ಹಲವು ವರ್ಷಗಳಿಂದ ನಾನೂ ಅಂಥ ಒಬ್ಬ ಯಜಮಾನ.

ಹಾಗಾದ್ರೆ ಆ ನಾಲ್ಕು ಗಂಟೆ ನಿನಗೇನು ಕೆಲಸ ಅಂತ ಕೇಳುವವರಿದ್ದಾರೆ. ನಿಯಮ ಹೇಳೋದು, ಜಗಳ ಬಿಡಿಸೋದು, ಗಡಿಯಾರ ನೋಡೋದು ಇದ್ದೇ ಇದೆ. ಆದರೆ ಅಸಲು ಕೆಲಸ ಬೇರೆ. ಆಡುವವರಿಗೆ ಏನು ಗೊತ್ತಿರಬಾರದೋ ಅದನ್ನು ಕಾಯೋದು. ಈ ಕಾವಲು ಕೆಲಸಕ್ಕೆ ಇನ್ನೂರು ವರ್ಷದ ಇತಿಹಾಸವಿದೆ. ಅದು ಸುತ್ತಿ ಬಳಸಿ ನಮ್ಮ ಶ್ರೀರಂಗಪಟ್ಟಣದ ಹತ್ತಿರವೂ ಹಾದು ಹೋಗುತ್ತೆ.

ಮೊದಲು ಚದುರಂಗ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಸೈನ್ಯ ಭಾರತದಿಂದ ಪರ್ಷಿಯಾಕ್ಕೆ, ಅರಬರ ಮೂಲಕ ಯೂರೋಪಿಗೆ ಹೋದ ಕತೆ ನಿಮಗೆ ಗೊತ್ತೇ ಇದೆ. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ ಹೆಲ್ವಿಗ್ ಎಂಬ ಗಣಿತದ ಮೇಷ್ಟ್ರು ಈ ಚದುರಂಗವನ್ನೇ ಹಿಗ್ಗಿಸಿ 1617 ಮನೆಗಳ ಯುದ್ಧದಾಟ ಮಾಡಿದ. ಮನೆಗಳಿಗೆ ಬಣ್ಣ ಬಳಿದು ಇದು ಬೆಟ್ಟ, ಇದು ಜೌಗು ಅಂತ ಗುರುತಿಸಿದ. ಎಲ್ಲ ಸರಿ, ಆದರೆ ಚದುರಂಗದ ಒಂದು ಗುಣ ಹಾಗೇ ಉಳೀತು. ಎದುರಾಳಿಯ ಕಾಯಿ ಎಲ್ಲಿದೆ ಅಂತ ಇಬ್ಬರಿಗೂ ಕಾಣುತ್ತೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಚದುರಂಗದ ಹುಚ್ಚು ವಿಪರೀತ. ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಲೆಕ್ಕಗಳನ್ನು ಬಿಡಿಸಿದವರು ಅವರು. ಅಂಥ ಲೆಕ್ಕದ ಸುಖವೇ ಅದು, ಮಣೆಯ ಮೇಲೆ ಮುಚ್ಚಿದ್ದು ಏನೂ ಇಲ್ಲ. ನಿಜವಾದ ಯುದ್ಧ ಹಾಗಲ್ಲವಲ್ಲ? ಗುಡ್ಡದ ಆಚೆ ಏನಿದೆ ಅಂತ ಗೊತ್ತಾಗದೆ ಸತ್ತವರೇ ಹೆಚ್ಚು.

ಈ ಕೊರತೆ ತುಂಬಿದವರು ಪ್ರಷ್ಯಾದ ಅಪ್ಪ-ಮಗ. ಅಪ್ಪ ರೈಸ್‌ವಿಟ್ಸ್ 1812ರಲ್ಲಿ ಪ್ರಷ್ಯಾದ ದೊರೆಗೆ ಒಂದು ದೊಡ್ಡ ಆಟದ ಮೇಜು ಒಪ್ಪಿಸಿದ. ಹೊಲ, ಹಳ್ಳಿ, ನದಿಗಳ ತುಂಡುಗಳನ್ನು ಬೇಕಾದ ಹಾಗೆ ಜೋಡಿಸಿಕೊಳ್ಳಬಹುದಾದ ಮೇಜು. ಮಗ ಫಿರಂಗಿ ದಳದ ಲೆಫ್ಟಿನೆಂಟ್. ಅವನು ಮೇಜು ಬಿಟ್ಟು ನಿಜವಾದ ನಕಾಶೆ ಹಿಡಿದ, 1824ರಲ್ಲಿ ನಿಯಮ ಅಚ್ಚು ಹಾಕಿಸಿದ. ಒಂದು ಸರದಿ ಅಂದ್ರೆ ರಣರಂಗದ ಎರಡು ನಿಮಿಷ. ಗುಂಡು ತಾಗಿತೋ ಇಲ್ಲವೋ ಎಂಬುದಕ್ಕೆ ದಾಳ. ಎಲ್ಲಕ್ಕಿಂತ ಮುಖ್ಯವಾದ ಹೊಸತು, ನಡುವೆ ನಿಂತ ತೀರ್ಪುಗಾರ. ಎರಡೂ ಕಡೆಯವರು ತಮ್ಮ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಡಬೇಕು. ಎದುರಾಳಿಯ ಕಣ್ಣಿಗೆ ಬಿದ್ದಿರಬಹುದಾದ ತುಕಡಿಗಳನ್ನಷ್ಟೇ ಅವನು ನಕಾಶೆಯ ಮೇಲೆ ಇಡ್ತಾನೆ. ಉಳಿದದ್ದು ಅವನ ತಲೆಯಲ್ಲೇ ಇರುತ್ತೆ.

ಪ್ರಷ್ಯಾದ ದಂಡಿನ ಮುಖ್ಯಸ್ಥ ಜನರಲ್ ಮ್ಯೂಫ್ಲಿಂಗ್ ಈ ಆಟ ನೋಡೋಕೆ ಒಲ್ಲದ ಮನಸ್ಸಿನಿಂದ ಬಂದನಂತೆ. ನೋಡ್ತಾ ನೋಡ್ತಾ ಇದು ಬರೀ ಆಟವಲ್ಲ, ಯುದ್ಧದ ಪಾಠಶಾಲೆ ಅಂತ ಒಪ್ಪಿಕೊಂಡು ಸೈನ್ಯಕ್ಕೆಲ್ಲ ಶಿಫಾರಸು ಮಾಡಿದ. ಆಟ ಮಾಡಿದ ಹುಡುಗ ಮಾತ್ರ ಹೆಚ್ಚು ದಿನ ಬದುಕಲಿಲ್ಲ, 1827ರಲ್ಲಿ ತೀರಿಕೊಂಡ. ಮ್ಯೂಫ್ಲಿಂಗ್‌ನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾನೆ.

ಆಮೇಲೆ ನಿಯಮದ ಪುಸ್ತಕ ದಪ್ಪವಾಗುತ್ತಾ ಹೋಯಿತು. ಕೋಷ್ಟಕ, ಲೆಕ್ಕ, ಉಪನಿಯಮ... ಆಡುವವರಿಗೆ ಸಾಕುಬೇಕಾಯಿತು. 1876ರಲ್ಲಿ ಫೆರ್ಡಿ ಎಂಬ ಪ್ರಷ್ಯನ್ ಅಧಿಕಾರಿ ಪುಸ್ತಕ ಪಕ್ಕಕ್ಕಿಡಿ ಅಂದ. ಅನುಭವಸ್ಥ ತೀರ್ಪುಗಾರನಿದ್ದರೆ ಅವನ ಮಾತೇ ಸಾಕು ಎಂಬುದು ಅವನ ವಾದ. ಪುಸ್ತಕ ದೊಡ್ಡದೋ ತೀರ್ಪುಗಾರ ದೊಡ್ಡವನೋ ಎಂಬ ಆ ಜಗಳ ಇವತ್ತಿಗೂ ಮುಗಿದಿಲ್ಲ. ಯಾವುದೇ ಕನ್ವೆನ್ಷನ್‌ಗೆ ಹೋಗಿ, ಮೂರನೇ ಮೇಜಿನಲ್ಲೋ ನಾಲ್ಕನೇ ಮೇಜಿನಲ್ಲೋ ಅದು ನಡೀತಾನೇ ಇರುತ್ತೆ.

ಬೊಂಬೆಗಳು ಬಂದದ್ದು ಇನ್ನೊಂದು ದಾರಿಯಿಂದ. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಿಂದ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯತೊಡಗಿತು. ಸೀಸ ಕಡಿಮೆ, ಬೆಲೆ ಕಡಿಮೆ, ಮನೆಮನೆಗೂ ಸೈನ್ಯ ಬಂತು. ಕಾದಂಬರಿಕಾರ ಎಚ್. ಜಿ. ವೆಲ್ಸ್ ಇವನ್ನು ನೆಲದ ಮೇಲೆ ಹರಡಿ, ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಹೊಡೆದು ಬೀಳಿಸುವ ಆಟ ಕಟ್ಟಿದ. 1913ರಲ್ಲಿ ಲಿಟಲ್ ವಾರ್ಸ್ ಎಂಬ ಪುಸ್ತಕ ಬರೆದ. ಅದರಲ್ಲಿ ದಾಳ ಇಲ್ಲ, ಆದರೆ ಒಂದು ಪರದೆ ಇದೆ! ಸೈನ್ಯ ಹೂಡುವಾಗ ನಡುವೆ ಪರದೆ ಕಟ್ಟಬೇಕು, ಹೂಡಿದ ಮೇಲೆ ಸರಿಸಬೇಕು. ತೀರ್ಪುಗಾರ ಮಾಡುತ್ತಿದ್ದ ಕೆಲಸದಲ್ಲಿ ಒಂದು ಚೂರನ್ನು ಬಟ್ಟೆ ಮಾಡಿತು. ದೊಡ್ಡ ಯುದ್ಧ ಎಂಥ ಮೂರ್ಖತನ ಅನ್ನೋದು ಈ ಪುಟ್ಟ ಯುದ್ಧ ಆಡಿದವನಿಗೆ ತಿಳಿಯುತ್ತೆ ಅಂತ ವೆಲ್ಸ್ ನಂಬಿದ್ದ. ಮುಂದಿನ ವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ತೀರ್ಪುಗಾರ ಮತ್ತೆ ಎದ್ದು ಬಂದದ್ದು ಅಮೆರಿಕದಲ್ಲಿ. ಟಾಟನ್ ಎಂಬ ಸೇನಾಧಿಕಾರಿ 1880ರಲ್ಲಿ ಸ್ಟ್ರಾಟೆಗೋಸ್ ಎಂಬ ಯುದ್ಧದಾಟದ ಪುಸ್ತಕ ಬರೆದಿದ್ದ. ಅದು ಮಿನೆಸೋಟ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಧೂಳು ತಿನ್ನುತ್ತಿದ್ದಾಗ 1960ರ ದಶಕದಲ್ಲಿ ಡೇವಿಡ್ ವೆಸ್ಲಿ ಎಂಬ ತರುಣನ ಕೈಗೆ ಸಿಕ್ಕಿತು. ಆಡುವವರು ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಆಗುತ್ತೋ ಇಲ್ಲವೋ ತೀರ್ಪುಗಾರ ಹೇಳ್ತಾನೆ ಎಂಬ ವಿಚಾರ ಅವನಿಗೆ ಹಿಡಿಸಿತು. 1969ರಲ್ಲಿ ಬ್ರೌನ್‌ಸ್ಟೀನ್ ಎಂಬ ಕಲ್ಪಿತ ಊರಿನ ಸುತ್ತ ಒಂದು ಆಟ ಕಟ್ಟಿದ. ಸೇನಾಪತಿಗಳಷ್ಟೇ ಅಲ್ಲ, ಊರಿನ ಮೇಯರ್, ಬ್ಯಾಂಕಿನವನು, ವಿಶ್ವವಿದ್ಯಾಲಯದ ಕುಲಪತಿ, ಎಲ್ಲರೂ ಪಾತ್ರಗಳೇ. ಸೈನ್ಯಗಳು ಮೇಜಿಗೆ ಬರುವ ಮೊದಲೇ ಆಡುವವರು ಮೂಲೆಮೂಲೆಯಲ್ಲಿ ಗುಟ್ಟು ಮಾತಾಡಿ ಆಟವನ್ನು ಎಲ್ಲಿಂದೆಲ್ಲಿಗೋ ಒಯ್ದರು. ಆಟ ಕೆಟ್ಟಿತು ಅಂತ ವೆಸ್ಲಿ ತಲೆ ಮೇಲೆ ಕೈ ಹೊತ್ತ. ಆಡಿದವರು ಮಾತ್ರ ಇನ್ನೊಂದು ಯಾವಾಗ ಅಂತ ಕೇಳಿದರು!

ಹಾಗೆ ಆಡಿದವರಲ್ಲಿ ಡೇವ್ ಆರ್ನೆಸನ್ ಒಬ್ಬ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬ ವಿಮೆ ಕಂಪನಿಯ ನೌಕರ 1968ರ ಆಗಸ್ಟ್‌ನಲ್ಲಿ 50 ಡಾಲರ್ ಕೊಟ್ಟು ತೋಟಗಾರಿಕಾ ಸಂಘದ ಹಾಲ್ ಹಿಡಿದು ಒಂದು ಕನ್ವೆನ್ಷನ್ ನಡೆಸಿದ್ದ. ಬಂದವರು ನೂರರ ಆಸುಪಾಸು. ಅದೇ ಜೆನ್ ಕಾನ್. ಮರುವರ್ಷ ಅಲ್ಲೇ ಇಬ್ಬರ ಭೇಟಿಯಾಯಿತು. 1974ರಲ್ಲಿ ಇಬ್ಬರೂ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದರು. ಅದರಲ್ಲಿ ಕತ್ತಲ ಗುಹೆಯ ನಕಾಶೆಯನ್ನು ಮರೆಯಲ್ಲಿಟ್ಟುಕೊಂಡು, ಬಾಗಿಲು ತೆರೆದ ಮೇಲಷ್ಟೇ ಒಳಗೇನಿದೆ ಅಂತ ಹೇಳುವವನು ಇದ್ದಾನಲ್ಲ, ಅವನು ರೈಸ್‌ವಿಟ್ಸ್‌ನ ತೀರ್ಪುಗಾರನ ಮರಿಮಗನೇ. ಜೆನ್ ಕಾನ್ ಈಗ ಇಂಡಿಯಾನಾಪೊಲಿಸ್‌ನಲ್ಲಿ ಹತ್ತಾರು ಸಾವಿರ ಜನ ಸೇರುವ ಜಾತ್ರೆ. ನಮ್ಮಂಥ ಪುಟ್ಟ ಊರುಗಳ ಕನ್ವೆನ್ಷನ್‌ಗಳು ಮಾತ್ರ ಇನ್ನೂ ಆ ತೋಟಗಾರಿಕಾ ಹಾಲ್‌ನ ಅಳತೆಯಲ್ಲೇ ಇವೆ.

ಈಗ ಶ್ರೀರಂಗಪಟ್ಟಣಕ್ಕೆ ಬರೋಣ. ಮ್ಯೂಫ್ಲಿಂಗ್ ಮತ್ತೆ ಬರ್ತಾನೆ ಅಂದಿದ್ದೆ. 1815ರ ವಾಟರ್ಲೂ ದಂಡಯಾತ್ರೆಯಲ್ಲಿ ಅವನು ವೆಲ್ಲಿಂಗ್ಟನ್ನನ ಪಾಳೆಯದಲ್ಲಿ ಪ್ರಷ್ಯಾದ ಪ್ರತಿನಿಧಿಯಾಗಿದ್ದ. ಹೊರಡುವ ಮುಂಚೆ ಅವನ ಮೇಲಿನವರು, ಈ ವೆಲ್ಲಿಂಗ್ಟನ್ ಭಾರತದ ನವಾಬರ ಜತೆ ವ್ಯವಹರಿಸಿ ಕಪಟ ಕಲಿತವನು, ಹುಷಾರು ಅಂತ ಎಚ್ಚರಿಸಿದ್ದರಂತೆ. ಆ ವೆಲ್ಲಿಂಗ್ಟನ್ನೇ ಹದಿನಾರು ವರ್ಷ ಮುಂಚೆ, ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, ಶ್ರೀರಂಗಪಟ್ಟಣದ ಹೊರಗೆ ಒಂದು ತೋಪಿನಲ್ಲಿ ದಾರಿ ತಪ್ಪಿದ್ದ. 1799ರ ಏಪ್ರಿಲ್ 5ರ ರಾತ್ರಿ. ಸುಲ್ತಾನ್‌ಪೇಟೆ ತೋಪು. ಗಿಡಮರ, ನೀರಿನ ಕಾಲುವೆ, ಕಗ್ಗತ್ತಲು. ಹಗಲಲ್ಲಿ ಯಾರೂ ಒಳಗೆ ಹೋಗಿ ನೋಡಿರಲಿಲ್ಲ. ಮೈಸೂರಿನ ಸೈನಿಕರು ರಾಕೆಟ್ಟು, ಬಂದೂಕು ಹಿಡಿದು ಕಾದಿದ್ದರು. ಇಂಗ್ಲಿಷರ ಸಾಲು ಚೆಲ್ಲಾಪಿಲ್ಲಿಯಾಯಿತು. ವೆಲ್ಲೆಸ್ಲಿಯ ಮಂಡಿಗೆ ಗುಂಡು ತಾಗಿತು. 12 ಜನ ಸೆರೆ ಸಿಕ್ಕರು. ಶತ್ರು ನೆಲೆಯನ್ನು ಹಗಲಲ್ಲಿ ನೋಡದೆ ರಾತ್ರಿ ದಾಳಿಗೆ ಇಳಿಯಕೂಡದು ಅಂತ ಆಮೇಲೆ ಅವನೇ ಬರೆದುಕೊಂಡ.

ನಾನು ಕನ್ವೆನ್ಷನ್‌ನಲ್ಲಿ ನಡೆಸೋದು ಈ ರಾತ್ರಿಯನ್ನು. ಕಾರ್ಯಕ್ರಮ ಪಟ್ಟಿಯಲ್ಲಿ ಊರಿನ ಹೆಸರು, ಇಸವಿ ಹಾಕೋದಿಲ್ಲ. ‘ತೋಪಿನಲ್ಲಿ ಒಂದು ರಾತ್ರಿ, ಆರು ಜನ’ ಅಷ್ಟೇ. ಕಂಪನಿ ಕಡೆಯ ಮೂವರಿಗೆ ಅರ್ಧಂಬರ್ಧ ನಕಾಶೆ ಕೊಡ್ತೀನಿ. ಮೈಸೂರು ಕಡೆಯ ಮೂವರು ತಮ್ಮ ಬೊಂಬೆಗಳನ್ನು ಮೇಜಿನ ಮೇಲೆ ಇಡೋದೇ ಇಲ್ಲ, ಎಲ್ಲಿದ್ದಾರೆ ಅಂತ ನನಗೆ ಚೀಟಿ ಬರೆದು ಕೊಡ್ತಾರೆ. ಆರು ಅಂಗುಲದೊಳಗೆ ಬಂದರೆ ಮಾತ್ರ ಕಾಣಿಸುತ್ತೆ. ಸದ್ದು ಯಾವ ಕಡೆಯಿಂದ ಬಂತು ಅಂತ ಮಾತ್ರ ನಾನು ಹೇಳ್ತೀನಿ. ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿದ ಆ ಕಾಲದ ರಾಕೆಟ್ಟು ಗುರಿಯಿಟ್ಟಲ್ಲಿಗೇ ಹೋಗುವ ವಸ್ತುವಲ್ಲ, ಅದಕ್ಕೇ ಅದರ ದಿಕ್ಕನ್ನು ದಾಳ ಹೇಳುತ್ತೆ. ಹಾರಿಸಿದವರ ಮೇಲೇ ತಿರುಗಿ ಬಂದದ್ದೂ ಉಂಟು. ನನ್ನ ಮೇಜಿನಲ್ಲಿ ಕಂಪನಿ ಕಡೆಯ ಇಬ್ಬರು ಕತ್ತಲಲ್ಲಿ ಒಬ್ಬರಿಗೊಬ್ಬರು ಗುಂಡು ಹಾರಿಸಿಕೊಂಡದ್ದು ಒಂದೆರಡು ಸಲವಲ್ಲ.

ಒಮ್ಮೆ ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು ನೋಡೋಕೆ ಬಂದಿದ್ದರು. ಒಂದು ಗಂಟೆ ಸುಮ್ಮನೆ ನಿಂತು ನೋಡಿ, “ನಮ್ಮ ನೆಲದಲ್ಲಿ ಜನ ಸತ್ತಿದ್ದನ್ನ ಇವರ ಮುಂದೆ ಆಟ ಮಾಡ್ತೀಯಲ್ಲಪ್ಪ” ಅಂದರು. ತಳ್ಳಿಹಾಕುವ ಮಾತಲ್ಲ ಅದು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆಗೆ ಬೇರೆ ಜಾಗಗಳಿವೆ, ಅವರು ಕೇಳಿದ್ದು ಸಾವಿನ ಬಗ್ಗೆ. ನನ್ನ ಉತ್ತರ ಎರಡು ಭಾಗದ್ದು.

ಒಂದು, ಯಾವುದನ್ನು ಮೇಜಿಗೆ ತರಬೇಕು, ಯಾವುದನ್ನು ತರಬಾರದು ಅಂತ ತೀರ್ಮಾನಿಸೋದೂ ಯಜಮಾನನ ಕೆಲಸವೇ. ಮೇ 4ರ ಮಧ್ಯಾಹ್ನದ ಲಗ್ಗೆಯನ್ನು ನಡೆಸು ಅಂತ ನನ್ನನ್ನು ಕೇಳಿದವರಿದ್ದಾರೆ. ನಾನು ನಡೆಸಲ್ಲ. ಅಷ್ಟು ಹೊತ್ತಿಗೆ ಗೋಡೆ ಒಡೆದಿತ್ತು, ಕಾವೇರಿಯಲ್ಲಿ ನೀರು ಇಳಿದಿತ್ತು. ಉಳಿದದ್ದು ಸಾವು, ರಾತ್ರಿಯಿಡೀ ಊರಿನ ಲೂಟಿ. ಟಿಪ್ಪು ಸತ್ತ, ಮುಂದಿನ ತಿಂಗಳು ಐದು ವರ್ಷದ ಹುಡುಗನನ್ನು ಗದ್ದಿಗೆಗೆ ಕೂರಿಸಿದರು. ಚದುರಂಗದ ಮಹಾರಾಜ ಅಂದೆನಲ್ಲ, ಆ ಹುಡುಗನೇ ಅವರು. ಆ ಮಧ್ಯಾಹ್ನದಲ್ಲಿ ತೀರ್ಪುಗಾರ ಬಚ್ಚಿಡಬೇಕಾದ್ದು ಏನೂ ಇಲ್ಲ. ಬಚ್ಚಿಡೋಕೆ ಏನೂ ಇಲ್ಲದ ಕಡೆ ಬೊಂಬೆ ಬೀಳಿಸ್ತಾ ಕೂರೋದು ನನಗೆ ಬೇಕಿಲ್ಲ.

ಎರಡು, ಏಪ್ರಿಲ್ 5ರ ರಾತ್ರಿ ಯಾರಿಗೂ ಮೇ 4 ಗೊತ್ತಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ನಾಲ್ಕನೇ ಮೈಸೂರು ಯುದ್ಧ ಅಂದರೆ ಎರಡು ಸಾಲು: ಯುದ್ಧ ನಡೆಯಿತು, ಟಿಪ್ಪು ಮಡಿದ. ಓದಿದವರಿಗೆ ಎಲ್ಲವೂ ಮೊದಲೇ ಬರೆದಿಟ್ಟ ಹಾಗೆ ಕಾಣುತ್ತೆ. ಇಂಗ್ಲಿಷರು ಗೆಲ್ಲಲೆಂದೇ ಬಂದವರು, ನಮ್ಮವರು ಸೋಲಲೆಂದೇ ನಿಂತವರು. ತೋಪಿನಲ್ಲಿದ್ದವನಿಗೆ ಹಾಗಿರಲಿಲ್ಲ. ಮೈಸೂರಿನ ಆ ಹೆಸರಿಲ್ಲದ ಸೈನಿಕರು ಮುಂದೆ ನೆಪೋಲಿಯನ್ನನನ್ನು ಸೋಲಿಸುವವನನ್ನು ಹಿಂದಕ್ಕಟ್ಟಿದರು. ಮರುದಿನ ಬೆಳಕಿನಲ್ಲಿ ಕಂಪನಿಯವರು ಅದೇ ತೋಪನ್ನು ಹಿಡಿದರು, ನಿಜ. ಆ ರಾತ್ರಿ ಮಾತ್ರ ನಮ್ಮವರದು.

ಆಟ ಮುಗಿದ ಮೇಲೆ ಇಬ್ಬರ ಚೀಟಿಗಳನ್ನೂ ಮೇಜಿನ ಮೇಲೆ ಹರಡ್ತೀನಿ. ಯಾರು ಎಲ್ಲಿದ್ದರು, ಯಾರು ಏನಂದುಕೊಂಡಿದ್ದರು ಅಂತ ಎಲ್ಲರೂ ನೋಡಿ ನಗ್ತಾರೆ. ಆಗ ಊರು, ದಿನಾಂಕ ಹೇಳ್ತೀನಿ. ಆ ಕರ್ನಲ್ ಯಾರು ಅಂತ ಹೇಳಿದಾಗ ಬಾಯಿ ಬಿಡದವರಿಲ್ಲ. ಕೊನೆಗೆ ಆ 12 ಜನರ ಸುದ್ದಿ. ಆಟದಲ್ಲಿ ಸೆರೆ ಸಿಕ್ಕ ಬೊಂಬೆ ಮೇಜಿನ ಪಕ್ಕಕ್ಕೆ ಹೋಗುತ್ತೆ, ಅಲ್ಲಿಗೆ ಮುಗೀತು. ಅವತ್ತು ಸೆರೆ ಸಿಕ್ಕವರನ್ನು ಶ್ರೀರಂಗಪಟ್ಟಣದಲ್ಲಿ ಕೊಂದರು. ನಮ್ಮವರು ಗೆದ್ದ ರಾತ್ರಿಯ ಲೆಕ್ಕದಲ್ಲಿ ಅದೂ ಇದೆ, ಬಿಟ್ಟು ಹೇಳೋ ಹಾಗಿಲ್ಲ. ನಾಲ್ಕು ಗಂಟೆ ಕಾದಿಟ್ಟದ್ದನ್ನು ಕೊನೆಗೆ ಪೂರ್ತಿಯಾಗಿ ಒಪ್ಪಿಸಿಬಿಡಬೇಕು. ಕಾವಲುಗಾರನ ಕೆಲಸ ಮುಗಿಯೋದು ಅಲ್ಲಿಗೆ.