ಬಂದಳಿಕೆಯ ಶಾಸನವೂ ಬಯೋಸ್ ಅಪ್‌ಡೇಟೂ

ಬಂದಳಿಕೆಗೆ ಹೋದವರು ಸಾಮಾನ್ಯವಾಗಿ ಬನಶಂಕರಿಗೆ ಕೈಮುಗಿದು, ಸೋಮೇಶ್ವರ ಗುಡಿಯ ಮುಂದೆ ನಿಂತು ಒಂದೆರಡು ಫೋಟೋ ತೆಗೆಸಿಕೊಂಡು ವಾಪಸ್ ಬಂದುಬಿಡುತ್ತಾರೆ. ಶಿಕಾರಿಪುರ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ನಾಗರಖಂಡ ಎಪ್ಪತ್ತರ ರಾಜಧಾನಿಯಾಗಿತ್ತು ಅಂದರೆ ಈಗ ನಂಬುವುದು ಕಷ್ಟ. ಬನವಾಸಿ ಹನ್ನೆರಡು ಸಾವಿರದೊಳಗಿನ ನಾಡು ಅದು. ಶಾಸನಗಳಲ್ಲಿ ಊರಿನ ಹೆಸರು ಬಂದಣಿಕೆ, ಬಾಂಧವಪುರ. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ ಇವನ್ನೆಲ್ಲ ನೋಡುವವರಾದರೂ ಇದ್ದಾರೆ, ಆದರೆ ಅಲ್ಲಿನ ಶಾಸನದ ಕಲ್ಲುಗಳ ಮುಂದೆ ನಿಲ್ಲುವವರು ಕಡಿಮೆ.

ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಶಾಸನ ಓದುವ ವಿದ್ಯೆ ನನಗೆ ಗೊತ್ತಿಲ್ಲ. ಆದರೆ ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳೆಲ್ಲ ಅಚ್ಚಾಗಿವೆ, ಅದನ್ನು ತಿರುವಿ ಹಾಕುವ ಚಟ ಇದೆ. ಹಾಗೆ ತಿರುವುವಾಗ ತಲೆಗೆ ಬಂದ ಒಂದು ಪ್ರಶ್ನೆ ನನ್ನ ಕೆಲಸಕ್ಕೂ ಸಂಬಂಧಪಟ್ಟದ್ದು. ಶಾಶ್ವತವಾಗಿರಲಿ ಅಂತ ಬರೆದದ್ದನ್ನು ಮುಂದೆ ಬದಲಾಯಿಸಬೇಕಾಗಿ ಬಂದರೆ ಏನು ಮಾಡಬೇಕು? ನಮ್ಮ ಕಂಪ್ಯೂಟರುಗಳಲ್ಲಿ ಹಾಗೆ ಶಾಶ್ವತವಾಗಿರಲಿ ಅಂತ ಬರೆದದ್ದು ಬಯೋಸ್. ಇವತ್ತಿನ ಬರಹ ಅದರ ಚರಿತ್ರೆ. ಮಧ್ಯೆ ಮಧ್ಯೆ ಬಂದಳಿಕೆ ಬರುತ್ತದೆ, ಸಹಿಸಿಕೊಳ್ಳಿ :)

ಮೊದಲು ಬಂದಳಿಕೆಯ ಅತಿ ಪ್ರಸಿದ್ಧ ಶಾಸನದ ಕಥೆ. ಹತ್ತನೆಯ ಶತಮಾನದ ಆರಂಭ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲ. ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಅಧಿಕಾರ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಸಮರ್ಥವಾಗಿ ನಾಡನ್ನು ಆಳಿದಳು. ಕೊನೆಗೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಕ್ರಮ ಗಮನಿಸಿ. ಮೊದಲು ಮಗಳಿಗೆ ಒಪ್ಪಿಸಿದಳು, ಆಮೇಲೆ ತಾನು ಹೋದಳು. ಈ ಕ್ರಮ ಮುಂದೆ ಉಪಯೋಗಕ್ಕೆ ಬರುತ್ತದೆ.

ಈಗ ಕಂಪ್ಯೂಟರಿಗೆ ಬರೋಣ. ಪವರ್ ಬಟನ್ ಒತ್ತಿದ ಕ್ಷಣದಲ್ಲಿ ಪ್ರೊಸೆಸರಿಗೆ ಏನೂ ಗೊತ್ತಿರುವುದಿಲ್ಲ. ಮೆಮೊರಿ ಎಷ್ಟಿದೆ, ಡಿಸ್ಕ್ ಎಲ್ಲಿದೆ, ಕೀಬೋರ್ಡ್ ಇದೆಯೋ ಇಲ್ಲವೋ, ಒಂದೂ ಗೊತ್ತಿಲ್ಲ. ಗೊತ್ತಿರುವುದು ಒಂದೇ, ಮೊದಲ ಆಜ್ಞೆಯನ್ನು ಯಾವ ವಿಳಾಸದಲ್ಲಿ ಹುಡುಕಬೇಕು ಅನ್ನುವುದು. ಆ ವಿಳಾಸದಲ್ಲಿ ಕೂತಿರುವುದೇ ಬಯೋಸ್. ಅದು ಎಲ್ಲವನ್ನೂ ಎಬ್ಬಿಸಿ, ಕೊನೆಗೆ ವಿಂಡೋಸಿಗೋ ಲಿನಕ್ಸಿಗೋ ಕಾರುಬಾರು ವಹಿಸಿಕೊಡುತ್ತದೆ. ಆ ಹೆಸರನ್ನು 1970ರ ದಶಕದಲ್ಲಿ ಬಳಕೆಗೆ ತಂದವನು ಸಿಪಿ/ಎಂ ಬರೆದ ಗ್ಯಾರಿ ಕಿಲ್ಡಾಲ್.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡಿತು. ಅದರ ಬಯೋಸ್ ಇದ್ದದ್ದು 8 ಕಿಲೋಬೈಟ್! ನೀವು ಓದುತ್ತಿರುವ ಈ ಬರಹವನ್ನು ಯುನಿಕೋಡಿನಲ್ಲಿ ಉಳಿಸಿದರೆ ಅದಕ್ಕಿಂತ ಎಷ್ಟೋ ದೊಡ್ಡದಾಗುತ್ತದೆ. ಆ 8 ಕಿಲೋಬೈಟ್ ಇದ್ದದ್ದು ರಾಮ್‌ನಲ್ಲಲ್ಲ, ರೋಮ್‌ನಲ್ಲಿ. ಓದಬಹುದು, ಬರೆಯುವಂತಿಲ್ಲ. ಅಕ್ಷರಶಃ ಶಿಲಾಶಾಸನ.

ಆದರೆ ಒಂದೇ ವರ್ಷದಲ್ಲಿ ತೊಂದರೆ ಶುರುವಾಯಿತು. ಪಿಸಿಗೆ ಹಾರ್ಡ್ ಡಿಸ್ಕ್ ಹಾಕಬೇಕು ಅಂದರೆ ಹಳೆಯ ಬಯೋಸ್‌ಗೆ ಅದನ್ನು ಗುರುತಿಸಲು ಬರುತ್ತಿರಲಿಲ್ಲ. 1982ರ ಅಕ್ಟೋಬರ್ 27ರ ದಿನಾಂಕ ಹೊತ್ತ ಹೊಸ ಬಯೋಸ್ ಬೇಕಾಗಿತ್ತು. ಆಗ ಅಪ್‌ಡೇಟ್ ಅಂದರೆ ಡೌನ್‌ಲೋಡ್ ಅಲ್ಲ ಸ್ವಾಮಿ, ಡಬ್ಬ ಬಿಚ್ಚಿ ಹಳೆಯ ಚಿಪ್ ಕಿತ್ತು ಹೊಸದನ್ನು ಕೂರಿಸುವುದು. ಇದರಲ್ಲಿ ಒಂದು ಅನುಕೂಲವೂ ಇತ್ತು. ಹೊಸದು ಸರಿಬರದಿದ್ದರೆ ಹಳೆಯ ಚಿಪ್ ಮೇಜಿನ ಮೇಲೇ ಇರುತ್ತಿತ್ತು, ವಾಪಸ್ ಹಾಕಿದರಾಯಿತು.

ಬಂದಳಿಕೆಯಲ್ಲೂ ಇದೇ ಪದ್ಧತಿ. ರಾಷ್ಟ್ರಕೂಟರು ಹೋದರು, ಕಲ್ಯಾಣದ ಚಾಲುಕ್ಯರು ಬಂದರು, ಹೊಯ್ಸಳರು ಬಂದರು. ಹೊಸ ದಾನ ಕೊಟ್ಟಾಗ ಹೊಸ ಕಲ್ಲು ನಿಲ್ಲಿಸಿದರು. ಹಳೆಯ ಕಲ್ಲನ್ನು ಅಳಿಸಿ ಅದರ ಮೇಲೆ ಬರೆಯುವುದು ವಾಡಿಕೆಯಾಗಿರಲಿಲ್ಲ. ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಗಳು ನಿಮಗೆ ಗೊತ್ತೇ ಇದೆ, ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ಆ ಕಾಲದ ರೈಟ್ ಪ್ರೊಟೆಕ್ಷನ್ ಅದು :)

ಚಿಪ್ ಕಿತ್ತು ಹಾಕುವ ಕಾಲದಲ್ಲಿ ಈಪ್ರಾಮ್ ಅನ್ನುವ ಚಿಪ್ ಬಳಕೆಯಲ್ಲಿತ್ತು. 1971ರಲ್ಲಿ ಇಂಟೆಲ್‌ನ ಡೊವ್ ಫ್ರೋಮನ್ ಕಂಡುಹಿಡಿದದ್ದು. ಚಿಪ್ಪಿನ ಬೆನ್ನ ಮೇಲೆ ಸ್ಫಟಿಕದ ಪುಟ್ಟ ಕಿಟಕಿ ಇರುತ್ತಿತ್ತು. ಅದರೊಳಗೆ ಅಲ್ಟ್ರಾವಯೊಲೆಟ್ ಬೆಳಕು ಹಾಯಿಸಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಗೊತ್ತಿಲ್ಲದೆ ಅಳಿಸದಿರಲಿ ಅಂತ ಕಿಟಕಿಯ ಮೇಲೆ ಸ್ಟಿಕ್ಕರ್ ಅಂಟಿಸುತ್ತಿದ್ದರು. ಆಮೇಲೆ ಬಂದದ್ದು ಫ್ಲ್ಯಾಶ್. ತೋಶಿಬಾದ ಫುಜಿಯೊ ಮಸುವೊಕ ಅದನ್ನು 1984ರಲ್ಲಿ ಲೋಕಕ್ಕೆ ತೋರಿಸಿದರು. ಒಂದೇ ಏಟಿಗೆ ಅಳಿಸಿಹೋಗುವುದನ್ನು ನೋಡಿದ ಅವರ ಸಹೋದ್ಯೋಗಿಗೆ ಕ್ಯಾಮರಾದ ಫ್ಲ್ಯಾಶ್ ನೆನಪಾಗಿ ಆ ಹೆಸರು ಬಂತು. 1988ರಲ್ಲಿ ಇಂಟೆಲ್ ಅದನ್ನು ಮಾರುಕಟ್ಟೆಗೆ ತಂದಿತು. 1990ರ ದಶಕದಲ್ಲಿ ಮದರ್‌ಬೋರ್ಡುಗಳಲ್ಲೆಲ್ಲ ಫ್ಲ್ಯಾಶ್ ಬಯೋಸ್ ಬಂದು ಕೂತಿತು. ಬಯೋಸ್ ಅಪ್‌ಡೇಟಿಗೆ ಇವತ್ತಿಗೂ ನಾವು 'ಫ್ಲ್ಯಾಶ್ ಮಾಡುವುದು' ಅನ್ನುವುದು ಅದಕ್ಕೇ.

ಅಪಾಯ ಹುಟ್ಟಿದ್ದೂ ಇಲ್ಲೇ. ಫ್ಲ್ಯಾಶಿನ ಗುಣ ಏನೆಂದರೆ, ಬರೆಯುವ ಮೊದಲು ಆ ಭಾಗವನ್ನು ಪೂರ್ತಿ ಅಳಿಸಬೇಕು. ಅಳಿಸಿ ಆಯಿತು, ಇನ್ನೂ ಬರೆದಿಲ್ಲ. ಆ ಕೆಲವು ಸೆಕೆಂಡುಗಳಲ್ಲಿ ಹಳೆಯ ಬಯೋಸೂ ಇಲ್ಲ, ಹೊಸದೂ ಇಲ್ಲ. ಆಗ ಕರೆಂಟ್ ಹೋದರೆ ಮುಂದಿನ ಸಲ ಬಟನ್ ಒತ್ತಿದಾಗ ಪ್ರೊಸೆಸರ್ ಆ ವಿಳಾಸಕ್ಕೆ ಹೋಗುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಇಂಥ ಯಂತ್ರಕ್ಕೆ 'ಇಟ್ಟಿಗೆ ಆಯ್ತು' ಅನ್ನುತ್ತಾರೆ. ಜಕ್ಕಿಯಬ್ಬೆಯ ಕ್ರಮ ಇಲ್ಲಿ ತಲೆಕೆಳಗಾಗಿದೆ. ಇಲ್ಲಿ ಮೊದಲು ತಾಯಿ ಹೋಗುತ್ತಾಳೆ, ಆಮೇಲೆ ಮಗಳು ಬರಬೇಕು.

ಈ ಅಪಾಯ ಜಗತ್ತಿಗೆಲ್ಲ ಗೊತ್ತಾದದ್ದು 1999ರ ಏಪ್ರಿಲ್ 26ರಂದು. ತೈವಾನಿನ ಚೆನ್ ಇಂಗ್-ಹೌ ಅನ್ನುವ ವಿದ್ಯಾರ್ಥಿ ಬರೆದ ಸಿಐಎಚ್ ವೈರಸ್ 1998ರಿಂದಲೇ ವಿಂಡೋಸ್ 95, 98 ಇದ್ದ ಯಂತ್ರಗಳಲ್ಲಿ ಸದ್ದಿಲ್ಲದೆ ಕೂತಿತ್ತು. ಆ ದಿನ ಎದ್ದು ಡಿಸ್ಕಿನ ಮೊದಲ ಒಂದು ಮೆಗಾಬೈಟನ್ನು ಸೊನ್ನೆಗಳಿಂದ ತುಂಬಿತು, ಸಾಧ್ಯವಾದ ಕಡೆ ಬಯೋಸನ್ನೂ ಕೆಡಿಸಿತು. ಚೆರ್ನೊಬಿಲ್ ದುರಂತ ನಡೆದದ್ದೂ ಏಪ್ರಿಲ್ 26ರಂದೇ ಆದ್ದರಿಂದ ಇದಕ್ಕೆ ಚೆರ್ನೊಬಿಲ್ ವೈರಸ್ ಅನ್ನುವ ಹೆಸರೂ ಬಿತ್ತು. ದಕ್ಷಿಣ ಕೊರಿಯಾ, ಟರ್ಕಿಗಳಲ್ಲಿ ಲೆಕ್ಕವಿಲ್ಲದಷ್ಟು ಯಂತ್ರಗಳು ಸತ್ತವು. ಅಷ್ಟರವರೆಗೆ ವೈರಸ್ ಅಂದರೆ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಕೊಂಡರೆ ಮುಗಿಯಿತು ಅಂದುಕೊಂಡಿದ್ದೆವು. ಬಯೋಸ್ ಹೋದ ಯಂತ್ರಕ್ಕೆ ಫಾರ್ಮ್ಯಾಟ್ ಮಾಡುವ ಯೋಗವೂ ಇರಲಿಲ್ಲ.

ಆಮೇಲೆ ತಯಾರಕರು ಎರಡು ದಾರಿ ಹಿಡಿದರು. ಒಂದು, ಎರಡು ಪ್ರತಿ ಇಡುವುದು. ಗಿಗಾಬೈಟ್ ಕಂಪನಿ ಮದರ್‌ಬೋರ್ಡಿನಲ್ಲಿ ಎರಡು ಬಯೋಸ್ ಚಿಪ್ ಹಾಕಿತು, ಒಂದು ಕೆಟ್ಟರೆ ಇನ್ನೊಂದು ಏಳುತ್ತದೆ. ಇದು ಜಕ್ಕಿಯಬ್ಬೆಯ ದಾರಿ. ಇನ್ನೊಂದು, ಯಾರು ಬೇಕಾದರೂ ಬರೆಯದಂತೆ ಕಾವಲು ಹಾಕುವುದು. 2005ರಲ್ಲಿ ಯುಇಎಫ್‌ಐ ಒಕ್ಕೂಟ ಶುರುವಾಯಿತು. ಈಗ ನಾವು ಬಾಯಿಮಾತಿಗೆ ಬಯೋಸ್ ಅನ್ನುವುದು ವಾಸ್ತವವಾಗಿ ಈ ಯುಇಎಫ್‌ಐಯನ್ನೇ. 2011ರಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆ ಬಯೋಸ್ ರಕ್ಷಣೆಗೆ ಮಾರ್ಗಸೂಚಿ ಹೊರಡಿಸಿ, ತಯಾರಕರ ಡಿಜಿಟಲ್ ಸಹಿ ಇದ್ದರೆ ಮಾತ್ರ ಅಪ್‌ಡೇಟ್ ಒಪ್ಪಬೇಕು ಅಂದಿತು. ತಾಮ್ರಪಟಗಳ ಬಳೆಗೆ ರಾಜಮುದ್ರೆ ಹಾಕುತ್ತಿದ್ದರಲ್ಲ, ಹಾಗೆ. ಆದರೆ ಮುದ್ರೆ ಇದ್ದಲ್ಲಿ ಕೂಟಶಾಸನವೂ ಇರುತ್ತದೆ. 2023ರಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಮಾಡುವ ಎಂಎಸ್‌ಐ ಕಂಪನಿಯಿಂದ ಫರ್ಮ್‌ವೇರಿಗೆ ಸಹಿ ಹಾಕುವ ಕೀಲಿಗಳೇ ಕಳುವಾಗಿ ಹೊರಬಿದ್ದವು.

ಹಾಗಾದರೆ ತಯಾರಕರೇ ಸಹಿ ಹಾಕಿ ಕೊಟ್ಟದ್ದನ್ನು ಕಣ್ಣುಮುಚ್ಚಿ ಹಾಕಿಕೊಳ್ಳಬಹುದೇ? 2018ರ ಜನವರಿ ನೆನಪಿಸಿಕೊಳ್ಳಿ. ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ದೋಷಗಳು ಬಯಲಾಗಿ ಎಲ್ಲರೂ ತರಾತುರಿಯಲ್ಲಿ ಬಯೋಸ್ ಅಪ್‌ಡೇಟ್ ಬಿಟ್ಟರು. ಯಂತ್ರಗಳು ಇದ್ದಕ್ಕಿದ್ದಂತೆ ರೀಬೂಟ್ ಆಗತೊಡಗಿದವು. ಜನವರಿ 22ರಂದು ಸ್ವತಃ ಇಂಟೆಲ್ಲೇ 'ಸದ್ಯಕ್ಕೆ ಆ ಅಪ್‌ಡೇಟ್ ಹಾಕಬೇಡಿ' ಅನ್ನಬೇಕಾಯಿತು. ಅದಕ್ಕೆ ಸ್ವಲ್ಪ ಮೊದಲು, 2017ರ ಡಿಸೆಂಬರಿನಲ್ಲಿ, ಉಬುಂಟು 17.10 ಹಾಕಿದ ಕೆಲವು ಲ್ಯಾಪ್‌ಟಾಪುಗಳ ಬಯೋಸೇ ಕೆಟ್ಟು, ಉಬುಂಟುವಿನವರು ಅದರ ಡೌನ್‌ಲೋಡನ್ನು ಕೆಲಕಾಲ ಹಿಂತೆಗೆದುಕೊಂಡಿದ್ದರು.

ಇಷ್ಟೆಲ್ಲ ಬರೆಯಲು ಕಾರಣ ನನ್ನ ಚಿಕ್ಕಪ್ಪನ ಮಗ. ಶಿರಾಳಕೊಪ್ಪದ ಹತ್ತಿರದ ಹಳ್ಳಿ. ಶುಂಠಿಗೆ ಒಳ್ಳೆ ರೇಟು ಸಿಕ್ಕ ವರ್ಷ ಚಿಕ್ಕಪ್ಪ ಅವನಿಗೆ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದರು. ಆಟಕ್ಕೂ ಅದೇ, ಕಾಲೇಜಿನ ಪ್ರಾಜೆಕ್ಟಿಗೂ ಅದೇ. ಮಳೆಗಾಲದ ಒಂದು ಸಂಜೆ ಫೋನ್ ಮಾಡಿದ.

'ಅಣ್ಣಾ, ಬಯೋಸ್ ಅಪ್‌ಡೇಟ್ ಹಾಕ್ದೆ. ಕರೆಂಟ್ ಹೋಗ್ತದೆ ಅಂತ ಹೆದ್ರಿಕೆ ಇತ್ತು, ಏನೂ ಆಗ್ಲಿಲ್ಲ. ಆದ್ರೆ ಈಗ ಲ್ಯಾಪ್‌ಟಾಪ್ ಕಾದ ಹಂಚಾಗಿದೆ ಮಾರಾಯ!'

ಆಗಿದ್ದು ಇಷ್ಟು. ಗೇಮಿಂಗ್ ಲ್ಯಾಪ್‌ಟಾಪಿನ ಬಿಸಿ ಇಳಿಸಲು ಪ್ರೊಸೆಸರಿಗೆ ಹೋಗುವ ವೋಲ್ಟೇಜನ್ನು ಚೂರು ಕಡಿಮೆ ಮಾಡುವ ಉಪಾಯ ಇದೆ, ಅಂಡರ್‌ವೋಲ್ಟ್ ಅನ್ನುತ್ತಾರೆ. ಹಳೆಯ ಮಾಲೀಕ ಅದನ್ನು ಮಾಡಿಟ್ಟಿದ್ದ. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ದೋಷ ಬಯಲಾಯಿತು. ಅದೇ ವೋಲ್ಟೇಜ್ ಸೌಲಭ್ಯವನ್ನು ದುರುಪಯೋಗ ಮಾಡಿ ಇಂಟೆಲ್ ಪ್ರೊಸೆಸರಿನ ಎಸ್‌ಜಿಎಕ್ಸ್ ಅನ್ನುವ ಗುಪ್ತ ಕೋಣೆಯೊಳಗಿನ ಲೆಕ್ಕಾಚಾರವನ್ನು ತಪ್ಪಿಸಬಹುದು ಅಂತ ಸಂಶೋಧಕರು ತೋರಿಸಿದರು. ಪರಿಹಾರವಾಗಿ ಅನೇಕ ಲ್ಯಾಪ್‌ಟಾಪ್ ತಯಾರಕರು ಬಯೋಸ್ ಅಪ್‌ಡೇಟಿನಲ್ಲಿ ಆ ಸೌಲಭ್ಯಕ್ಕೇ ಬೀಗ ಜಡಿದರು. ಇವನ ಯಂತ್ರಕ್ಕೂ ಬೀಗ ಬಿತ್ತು. ಸರಿ, ಹಳೆಯ ಬಯೋಸಿಗೆ ವಾಪಸ್ ಹೋಗೋಣ ಅಂದರೆ ಯಂತ್ರ ಒಪ್ಪಲಿಲ್ಲ. ತಯಾರಕರ ತಾಣದಲ್ಲಿ ಹಳೆಯ ಫೈಲೂ ಇರಲಿಲ್ಲ. ಅಪ್‌ಡೇಟಿನ ವಿವರಣೆಯಲ್ಲಿ ಬರೆದಿದ್ದದ್ದು 'ಭದ್ರತೆ ಸುಧಾರಿಸಲಾಗಿದೆ' ಅಂತ ಒಂದೇ ಸಾಲು.

ನ್ಯಾಯವಾಗಿ ಹೇಳಬೇಕೆಂದರೆ ಹಿಂದಕ್ಕೆ ಹೋಗಲು ಬಿಡದಿರುವುದಕ್ಕೂ ಕಾರಣ ಇದೆ. ಬಿಟ್ಟರೆ ಕಳ್ಳನೊಬ್ಬ ಸಹಿ ಇರುವ ಹಳೆಯ, ತೂತಿನ ಬಯೋಸನ್ನೇ ತಂದು ಹಾಕಿ ಅದೇ ತೂತಿನಿಂದ ಒಳಗೆ ಬರುತ್ತಾನೆ. ಒಪ್ಪೋಣ. ಆದರೆ ಗುಪ್ತ ಕೋಣೆಯನ್ನು ಬಳಸದೇ ಇರುವ ಹುಡುಗನಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಅಂತ ಮೊದಲೇ ತಿಳಿಸಬೇಕಿತ್ತು. ದಾನದ ಕಲ್ಲಿನಲ್ಲಿ ಹೊಲದ ಎಲ್ಲೆ ಪೂರ್ವಕ್ಕೆ ಎಲ್ಲಿಯವರೆಗೆ, ಪಶ್ಚಿಮಕ್ಕೆ ಎಲ್ಲಿಯವರೆಗೆ ಅಂತ ಬಿಡಿಸಿ ಬರೆಯುತ್ತಿದ್ದರು. ಇಲ್ಲಿ ಒಂದೇ ಸಾಲು.

ಅದಕ್ಕೇ ಗೆಳೆಯರೇ, ನನಗೆ ತೋಚಿದ ನಾಲ್ಕು ಮಾತು. ನಮ್ಮ ಕಡೆ ಎಲ್ಲರೂ ಹೆದರುವುದು ಕರೆಂಟಿಗೆ. ಲ್ಯಾಪ್‌ಟಾಪಿನ ಮಟ್ಟಿಗೆ ಬ್ಯಾಟರಿಯೇ ಯುಪಿಎಸ್. ಹೆದರಬೇಕಾದದ್ದು ಸತ್ತ ಬ್ಯಾಟರಿಗೆ. ಅದು ಚಾರ್ಜ್ ಹಿಡಿಯದಿದ್ದರೆ ಮೊದಲು ಅದನ್ನು ಬದಲಿಸಿ, ಚಾರ್ಜರ್ ಸಿಕ್ಕಿಸಿಯೇ ಫ್ಲ್ಯಾಶ್ ಮಾಡಿ. ವಿಂಡೋಸಿನಲ್ಲಿ ಬಿಟ್‌ಲಾಕರ್ ಚಾಲೂ ಇದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಬಯೋಸ್ ಬದಲಾದದ್ದು ನೋಡಿ ಅದು ಕೀಲಿ ಕೇಳುತ್ತದೆ, ನೀವು ತಬ್ಬಿಬ್ಬಾಗುತ್ತೀರಿ. ಪರದೆ ಕಪ್ಪಾಗಿ ಫ್ಯಾನ್ ಜೋರಾಗಿ ತಿರುಗಿದರೆ ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ, ಕಾಯಿರಿ. ಹೊಸ ಆವೃತ್ತಿ ಬಂದ ದಿನವೇ ಹಾಕದೆ ಎರಡು ವಾರ ಬಿಟ್ಟು, ಅದೇ ಮಾಡೆಲ್ ಇರುವವರು ಏನನ್ನುತ್ತಾರೆ ನೋಡಿ. ಹಾಗಂತ ಭದ್ರತೆಯ ಅಪ್‌ಡೇಟನ್ನು ವರ್ಷಗಟ್ಟಲೆ ಮುಂದೂಡುವುದೂ ಬೇಡ.

ಜಕ್ಕಿಯಬ್ಬೆಯ ಕಲ್ಲಿಗೆ ಸಾವಿರದ ನೂರು ವರ್ಷ. ರೈಸ್ ಅದರ ಪಾಠವನ್ನು ಅಚ್ಚು ಹಾಕಿಸಿದ್ದರಿಂದ ಬೆಂಗಳೂರಿನ ಪಿ.ಜಿ. ರೂಮಿನಲ್ಲಿ ಕೂತು ಓದಬಹುದು. ನನ್ನ ತಮ್ಮನ ಲ್ಯಾಪ್‌ಟಾಪಿನ ಕೆಲವೇ ವರ್ಷ ಹಿಂದಿನ ಬಯೋಸ್ ಎಲ್ಲೂ ಸಿಗುವುದಿಲ್ಲ. ನಿಮ್ಮ ಯಂತ್ರದಲ್ಲಿ ಈಗ ಯಾವ ಆವೃತ್ತಿ ಇದೆ ಅಂತ ಇವತ್ತೇ ನೋಡಿ, ತಯಾರಕರ ತಾಣದಲ್ಲಿ ಆ ಫೈಲ್ ಇನ್ನೂ ಇದ್ದರೆ ಇಳಿಸಿ ಒಂದು ಪೆನ್‌ಡ್ರೈವಿನಲ್ಲಿ ಹಾಕಿಡಿ. ಆವೃತ್ತಿಯ ಸಂಖ್ಯೆ, ದಿನಾಂಕ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ.