ಮರುಭೂಮಿ, ಸಂಗೀತ ಮತ್ತು ಅಮೂರ್ತ ಚಿತ್ರಕಲೆ

ಯಾವ ವಸ್ತುವನ್ನೂ ಅನುಕರಿಸದೆ, ಕೇವಲ ಸ್ವರಗಳ ಪರಸ್ಪರ ಸಂಬಂಧದಿಂದಲೇ ರಸಿಕನ ಹೃದಯವನ್ನು ಕಲಕಬಲ್ಲ ಸಂಗೀತದ ಸ್ವಾತಂತ್ರ್ಯವು ತನಗೂ ಏಕೆ ದೊರೆಯಬಾರದೆಂಬ ಪ್ರಶ್ನೆಯನ್ನು ಪಾಶ್ಚಾತ್ಯ ಚಿತ್ರಕಲೆಯು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಹು ತೀವ್ರವಾಗಿ ಕೇಳಿಕೊಂಡಿತು. 1911ರ ಜನವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಸಂಗೀತರಚನಕಾರ ಶ್ಯೋನ್‌ಬರ್ಗನ ಕಚೇರಿಯನ್ನು ಕೇಳಿಬಂದ ಚಿತ್ರಕಾರ ವಾಸಿಲಿ ಕ್ಯಾಂಡಿನ್‌ಸ್ಕಿಯು ಆ ಅನುಭವವನ್ನೇ ಪಟದ ಮೇಲೆ ಹಳದಿಯ ಮಹಾಪ್ರವಾಹವಾಗಿ ಹರಿಸಿದುದು ಈ ಪ್ರಶ್ನೆಗೆ ದೊರೆತ ಮೊದಲ ಉತ್ತರಗಳಲ್ಲೊಂದು. ನಮ್ಮ ದೇಶದಲ್ಲಿ, ಮಾರವಾಡದ ಪಾಲಿಯಲ್ಲಿ, 1623ರಷ್ಟು ಹಿಂದೆಯೇ ರಾಗಮಾಲಾ ಚಿತ್ರಗಳು ರಚಿತವಾಗಿದ್ದುವು. ಆದರೆ ಅಲ್ಲಿ ರಾಗವು ನಾಯಕ-ನಾಯಿಕೆಯರ ದೇಹವನ್ನು ಧರಿಸಿ ಬಂದಿತೇ ಹೊರತು ಬರಿಯ ವರ್ಣವಾಗಿ, ಬರಿಯ ರೇಖೆಯಾಗಿ ನಿಲ್ಲಲಿಲ್ಲ.

ಸಂಗೀತವು ಕೊಟ್ಟುದು ಸ್ವಾತಂತ್ರ್ಯ. ಆ ಸ್ವಾತಂತ್ರ್ಯಕ್ಕೆ ಬೇಕಾದ ಸಂಯಮವನ್ನು ಕೆಲವು ಕಲಾವಿದರಿಗೆ ಕಲಿಸಿದುದು ಮರುಭೂಮಿ. ಸಂಗೀತಗಾರರ ಮನೆಯಲ್ಲಿ ಹುಟ್ಟಿ, ಸ್ವತಃ ನುರಿತ ಪಿಟೀಲುವಾದಕನಾಗಿದ್ದ ಪಾಲ್ ಕ್ಲೇಯು 1914ರ ಏಪ್ರಿಲಿನಲ್ಲಿ ಟ್ಯುನೀಸಿಯಾಕ್ಕೆ ಹೋಗಿ, ಕೈರವಾನಿನ ಬೆಳಕಿನಲ್ಲಿ ವರ್ಣದ ರಹಸ್ಯವನ್ನು ಕಂಡುಕೊಂಡನು. 1928ರ ಕೊನೆಯಲ್ಲಿ ಈಜಿಪ್ಟಿಗೆ ತೆರಳಿ, ಮರಳುಗಾಡನ್ನು ಸೀಳಿಕೊಂಡು ಸಾಗುವ ನೈಲ್ ನದಿಯ ದಡದ ಹೊಲಗಳನ್ನು ನೋಡಿದನು. ಮರುವರ್ಷ ರಚಿಸಿದ ‘ಹೆದ್ದಾರಿ ಮತ್ತು ಉಪಮಾರ್ಗಗಳು’ ಎಂಬ ಪಟದಲ್ಲಿ ಅಡ್ಡಪಟ್ಟಿಗಳು ಅರ್ಧವಾಗಿ, ಕಾಲಾಗಿ, ಅರೆಕಾಲಾಗಿ ಒಡೆಯುತ್ತ ಹೋಗುವ ಕ್ರಮವನ್ನು ಗಮನಿಸಿದರೆ, ವರ್ಣವೆಂಬ ಸಂಗೀತರಚನೆಯೊಂದನ್ನು ಮೊದಲನೆಯ ಕಾಲದಿಂದ ಎರಡನೆಯ ಕಾಲಕ್ಕೂ ಅಲ್ಲಿಂದ ಮೂರನೆಯ ಕಾಲಕ್ಕೂ ಏರಿಸುವ ನಮ್ಮ ವೈಣಿಕರ ಲಯಜ್ಞಾನವು ಸಹಜವಾಗಿಯೇ ನೆನಪಿಗೆ ಬರುತ್ತದೆ.

ಅಮೆರಿಕದಲ್ಲಿ ಈ ಧಾರೆಯನ್ನು ಮುಂದುವರಿಸಿದವಳು ಜಾರ್ಜಿಯಾ ಓಕೀಫ್. ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿನಿಯಾಗಿದ್ದಾಗ, ಸಂಗೀತವನ್ನು ಕೇಳಿಸಿ ಅದರಂತೆ ಚಿತ್ರ ಬರೆಯಿಸುತ್ತಿದ್ದ ತರಗತಿಯೊಂದನ್ನು ಆಕೆ ಕಂಡಿದ್ದಳು. ಆ ಬೀಜವೇ 1918ರ ‘ಸಂಗೀತ, ಗುಲಾಬಿ ಮತ್ತು ನೀಲಿ’ಯಲ್ಲಿಯೂ, ಕಪ್ಪು ಓರೆಯಂಚುಗಳ ನಡುವೆ ನೀಲಿ-ಹಸುರುಗಳು ಅಲೆಯಲೆಯಾಗಿ ಏಳುವ ‘ನೀಲಿ ಮತ್ತು ಹಸಿರು ಸಂಗೀತ’ದಲ್ಲಿಯೂ ಫಲಿಸಿತು. 1929ರ ಬೇಸಗೆಯಲ್ಲಿ ಆಕೆ ನ್ಯೂ ಮೆಕ್ಸಿಕೋದ ಟಾವೋಸಿಗೆ ಬಂದಳು. ಅನಂತರ ಆ ನೆಲ ಆಕೆಯನ್ನು ಬಿಡಲಿಲ್ಲ. ಘೋಸ್ಟ್ ರಾಂಚಿನ ತನ್ನ ಮನೆಯಿಂದ ಸುಮಾರು 150 ಮೈಲಿ ದೂರದಲ್ಲಿದ್ದ, ‘ಕಪ್ಪು ತಾಣ’ವೆಂದು ಆಕೆಯೇ ಹೆಸರಿಟ್ಟ ಬರಡು ಗುಡ್ಡಗಳ ನಡುವೆ, ಬಿಸಿಲುಗಾಳಿಗಳನ್ನು ಲೆಕ್ಕಿಸದೆ ಬಿಡಾರ ಹೂಡಿ ಬರೆದ 1944ರ ಚಿತ್ರಗಳಲ್ಲಿ ಆಕಾಶಕ್ಕೆ ಎಡೆಯೇ ಇಲ್ಲವೆನ್ನಬೇಕು: ಬೂದುಬಣ್ಣದ ಎರಡು ಮೈಗಳು ಮಡಿಕೆಮಡಿಕೆಯಾಗಿ ಎದುರುಬದುರು ಬಂದು ನಿಲ್ಲುತ್ತವೆ, ಅವುಗಳ ನಡುವೆ ಸೀಳೊಂದು ವಕ್ರವಕ್ರವಾಗಿ ಇಳಿಯುತ್ತದೆ. ಇವು ಗುಡ್ಡಗಳೆಂದು ತಿಳಿದ ಮೇಲೂ ಕಣ್ಣು ಅವನ್ನು ಶುದ್ಧ ಆಕಾರಗಳೆಂದೇ ಗ್ರಹಿಸುವುದು; ಪ್ರಕೃತಿಗೆ ನಿಷ್ಠಳಾಗಿದ್ದೇ ಅಮೂರ್ತತೆಯನ್ನು ಸಾಧಿಸಿದ ಈ ಪರಿ ಅನ್ಯತ್ರ ದುರ್ಲಭ.

1938ರಲ್ಲಿ ರೇಮಂಡ್ ಜಾನ್‌ಸನ್ ಮತ್ತು ಎಮಿಲ್ ಬಿಸ್ಟ್ರಾಮರು ಅದೇ ಪ್ರಾಂತದಲ್ಲಿ ಅತೀಂದ್ರಿಯ ಚಿತ್ರಕಾರರ ಬಳಗವೊಂದನ್ನು ಕಟ್ಟಿದರಾದರೂ ಯುದ್ಧದ ದಿನಗಳಲ್ಲಿ ಅದು ಚದುರಿಹೋಯಿತು. ಮುಂದೆ, 1967ರಲ್ಲಿ ನ್ಯೂಯಾರ್ಕನ್ನು ತೊರೆದು ನ್ಯೂ ಮೆಕ್ಸಿಕೋದ ಎತ್ತರದ ಬಯಲಿನಲ್ಲಿ ತನ್ನ ಕೈಯಾರೆ ಮನೆ ಕಟ್ಟಿಕೊಂಡ ಆಗ್ನೆಸ್ ಮಾರ್ಟಿನ್, ಕೆಲವು ವರ್ಷಗಳ ಮೌನದ ಬಳಿಕ 1974ರಲ್ಲಿ ಮತ್ತೆ ಕುಂಚ ಹಿಡಿದಳು. ಆರಡಿ ಚೌಕದ ಪಟದ ಮೇಲೆ ಪೆನ್ಸಿಲಿನಿಂದ ಎಳೆದ ಗೆರೆಗಳು, ತೆಳುವಾಗಿ ಹರಡಿದ ಮಾಸಲು ಬಣ್ಣದ ಪಟ್ಟಿಗಳು: ಇಷ್ಟೇ ಆಕೆಯ ಸಾಮಗ್ರಿ. ತನ್ನ ಚಿತ್ರಗಳು ಭೂದೃಶ್ಯಗಳಲ್ಲವೆಂದು ಆಕೆ ಹೇಳುತ್ತಲೇ ಬಂದಳು. ಕಲೆಗಳಲ್ಲೆಲ್ಲ ಸಂಗೀತವೇ ಶ್ರೇಷ್ಠವೆಂಬುದು ಆಕೆಯ ದೃಢವಾದ ನಂಬಿಕೆಯಾಗಿತ್ತು. ಚಿತ್ರಗಳು ಭೂದೃಶ್ಯಗಳಲ್ಲವೆಂಬ ಆಕೆಯ ಮಾತನ್ನು ನಾವು ಗೌರವಿಸಲೇಬೇಕು. ಆದರೂ ಬಯಲಿನ ಬೆಳಕನ್ನು ಕಾಣದ ಕೈ ಆ ಗೆರೆಗಳನ್ನು ಎಳೆಯುತ್ತಿತ್ತೆಂದು ನಂಬುವುದು ನನಗೆ ಕಷ್ಟ.

ಓಕೀಫಳಲ್ಲಿ ಸಂಗೀತ ಮತ್ತು ಮರುಭೂಮಿಗಳು ಜೀವಿತದ ಎರಡು ಘಟ್ಟಗಳಾಗಿ ಬೇರೆಬೇರೆ ಉಳಿದುವು. ಮಾರ್ಟಿನಳಲ್ಲಿ ಒಂದು ಪ್ರಕಟವಾಗಿಯೂ ಇನ್ನೊಂದು ಗುಪ್ತವಾಗಿಯೂ ನಿಂತುವು. ಇವೆರಡೂ ಒಂದೇ ಪಟದಲ್ಲಿ ಬೆಸುಗೆಗೊಂಡುದು 1929ರ ಕ್ಲೇಯಲ್ಲಿ. ಆದುದರಿಂದ ಈ ಪರಂಪರೆಯಲ್ಲಿ ಅಗ್ರಸ್ಥಾನವು ಅವನಿಗೇ ಸಲ್ಲತಕ್ಕದ್ದೆಂದು ನಾನು ಭಾವಿಸುತ್ತೇನೆ.